ಗೋಸುಂಬೆ ಅಂದರೆ ಬೈಗುಳವಾ? ಹರ್ಬಿ ಹ್ಯಾನ್‌ಕಾಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹರ್ಬಿ ಹ್ಯಾನ್‌ಕಾಕ್ ಸಂಗೀತವನ್ನು ಯಾರಿಗಾದರೂ ಕೇಳಿಸಿದಾಗಲೆಲ್ಲ ನನಗೆ ಸಿಗುವುದು ಅವೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಕ್ರಮವಾಗಿಯೇ ಓದಬೇಕು ಅಂತೇನಿಲ್ಲ.

ಯಾರು ಇವರು? ಎರಡು ಮಾತಲ್ಲಿ ಹೇಳಿ.

ಅಮೆರಿಕದ ಜಾಝ್ ಪಿಯಾನೊ ವಾದಕರು, ಸಂಗೀತ ರಚಿಸುವವರು. 1940ರ ಏಪ್ರಿಲ್ 12ರಂದು ಶಿಕಾಗೋದಲ್ಲಿ ಹುಟ್ಟಿದರು. 1960ರ ದಶಕದಲ್ಲಿ ಹೆಸರಾಂತ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡದಲ್ಲಿ ಪಿಯಾನೊ ನುಡಿಸಿದ್ದು ಇವರೇ. 1970ರ ದಶಕದಲ್ಲಿ ಕರೆಂಟಿನಿಂದ ನಾದ ಹುಟ್ಟಿಸುವ ಸಿಂಥಸೈಜರ್ ಹಿಡಿದು ಫಂಕ್ ನುಡಿಸಿ ಜನರನ್ನು ಕುಣಿಸಿದ್ದು ಇವರೇ. 1980ರ ದಶಕದಲ್ಲಿ ರೆಕಾರ್ಡ್ ಉಜ್ಜಿ ಕರಕರ ಅನ್ನಿಸುವ ಸ್ಕ್ರ್ಯಾಚಿಂಗನ್ನು ಟಿವಿವರೆಗೆ ತಂದವರಲ್ಲೂ ಇವರಿದ್ದಾರೆ. ಮಧ್ಯೆ ಒಂದು ಆಸ್ಕರ್. ಒಟ್ಟು 14 ಗ್ರ್ಯಾಮಿ. ಇದೆಲ್ಲ ಒಬ್ಬರೇ ಮಾಡಿದ್ದು ಅಂದರೆ ಹೊಸಬರು ಮೊದಲು ನಂಬುವುದಿಲ್ಲ.

ನನಗೆ ಜಾಝ್ ಗೊತ್ತಿಲ್ಲ. ಓದಿದರೆ ಅರ್ಥ ಆಗುತ್ತಾ?

ಆಗುತ್ತೆ. ಎರಡು ವಿಷಯ ಗೊತ್ತಿದ್ದರೆ ಸಾಕು. ಮೂರ್ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತಿದರೆ ಅದು ಕಾರ್ಡ್. ಜಾಝ್ ತಂಡ ಸಾಮಾನ್ಯವಾಗಿ ಮೊದಲು ಒಂದು ಚಿಕ್ಕ ರಾಗಮಟ್ಟನ್ನು ನುಡಿಸುತ್ತದೆ. ಆಮೇಲೆ ಅದರ ಕಾರ್ಡ್‌ಗಳ ಮೇಲೆ ಒಬ್ಬೊಬ್ಬರೂ ಸರದಿಯಂತೆ ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸುತ್ತಾರೆ. ಕೊನೆಗೆ ಮತ್ತೆ ಮೊದಲಿನ ಮಟ್ಟಿಗೆ ಬರುತ್ತಾರೆ. ಕಛೇರಿಯಲ್ಲಿ ಕಲ್ಪನಾಸ್ವರ ಹಾಡಿ ಪಲ್ಲವಿಗೆ ಮರಳುವುದನ್ನು ಕೇಳಿದವರಿಗೆ ಇದೇನೂ ಹೊಸದಲ್ಲ.

ಚಿಕ್ಕಂದಿನಿಂದಲೇ ಜಾಝ್ ಕಲಿತರಾ?

ಇಲ್ಲ. ಏಳನೇ ವಯಸ್ಸಿಗೆ ಪಿಯಾನೊ ಶುರು ಮಾಡಿದ್ದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಿಂದ. 1952ರ ಫೆಬ್ರುವರಿಯಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ, ಶಿಕಾಗೋ ಸಿಂಫನಿ ಆರ್ಕೆಸ್ಟ್ರಾ ಜೊತೆ ಮೊಜಾರ್ಟ್‌ನ ಪಿಯಾನೊ ಕನ್ಸರ್ಟೊ ಒಂದರ ಮೊದಲ ಭಾಗವನ್ನು ನುಡಿಸಿದರು. ಮಕ್ಕಳಿಗಾಗಿ ನಡೆಸುತ್ತಿದ್ದ ಕಾರ್ಯಕ್ರಮ ಅದು. ಆದರೂ ಹನ್ನೊಂದರ ಹುಡುಗ ಅಷ್ಟು ದೊಡ್ಡ ಆರ್ಕೆಸ್ಟ್ರಾ ಮುಂದೆ ಕೂರುವುದು ಸಾಮಾನ್ಯ ಮಾತಲ್ಲ.

ಜಾಝ್ ಹುಚ್ಚು ಹಿಡಿದಿದ್ದು ಹೈಸ್ಕೂಲಿನಲ್ಲಿ. ತನ್ನದೇ ವಯಸ್ಸಿನ ಇನ್ನೊಬ್ಬ ಹುಡುಗ ಶಾಲೆಯ ವೇದಿಕೆಯಲ್ಲಿ ಜಾಝ್ ನುಡಿಸಿದ. ಮುಂದೆ ಹಾಳೆಯಿಲ್ಲ, ಆದರೂ ಕೈ ಓಡುತ್ತಿದೆ! ಬರೆದಿದ್ದನ್ನು ಓದಿ ನುಡಿಸುವುದರಲ್ಲಿ ಪಳಗಿದ್ದ ಹರ್ಬಿಗೆ ಇದು ಹೇಗೆ ಸಾಧ್ಯ ಅಂತ ಆಯಿತು. ಆಮೇಲೆ ಜಾಝ್ ಪಿಯಾನೊ ವಾದಕ ಜಾರ್ಜ್ ಶಿಯರಿಂಗ್ ಅವರ ರೆಕಾರ್ಡ್‌ಗಳನ್ನು ಹಾಕಿಕೊಂಡು, ತುಣುಕು ತುಣುಕಾಗಿ ಕೇಳಿ, ಬರೆದುಕೊಂಡು, ತಾವೇ ಕಲಿತರು.

ಎಂಜಿನಿಯರಿಂಗ್ ಓದಿದ್ದರಂತೆ, ಹೌದಾ?

ಹೌದು. ಅಯೋವಾ ರಾಜ್ಯದ ಗ್ರಿನೆಲ್ ಕಾಲೇಜಿಗೆ ಎಂಜಿನಿಯರಿಂಗ್ ಓದಲು ಹೋದರು. ನಡುವೆ ಸಂಗೀತಕ್ಕೆ ಬದಲಾಯಿಸಿಕೊಂಡರು. ನಮ್ಮ ಕಡೆ ಇದನ್ನು ಕೇಳಿದ ತಕ್ಷಣ "ಅಯ್ಯೋ, ಸೀಟು ಬಿಟ್ಟರಾ?" ಅನ್ನುತ್ತಾರೆ.

ಬಿಟ್ಟಿದ್ದು ಸೀಟು ಮಾತ್ರ. ಗಡಿಯಾರ ಸಿಕ್ಕರೆ ಬಿಚ್ಚಿ ನೋಡುತ್ತಿದ್ದ ಹುಡುಗ ಇವರು. ಆ ಚಾಳಿ ಕೊನೆಗೂ ಹೋಗಲಿಲ್ಲ. ಸಿಂಥಸೈಜರ್, ಹಾಡುವ ದನಿಯನ್ನು ಯಂತ್ರದ ದನಿ ಮಾಡುವ ವೋಕೋಡರ್, ಕಂಪ್ಯೂಟರ್ ಯಾವುದು ಬಂದರೂ ಮೊದಲು ಗುಂಡಿ ಒತ್ತಿ ನೋಡಿದವರಲ್ಲಿ ಇವರೊಬ್ಬರು. ಇವರಿಗೆ ಎಲ್ಲ ಶೈಲಿಯೂ ಬರುತ್ತದೆ ಅಂತ ಜನ ಹೊಗಳುತ್ತಾರೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಇವರಿಗೆ ಇದ್ದದ್ದು ಕುತೂಹಲ. ಶೈಲಿಗಳು ಅದರ ಹಿಂದೆ ಬಂದವು, ಅಷ್ಟೇ.

ಕಲ್ಲಂಗಡಿ ಹಾಡಿನ ಕಥೆ ಏನು?

ಇದು ನನಗೆ ಬಹಳ ಇಷ್ಟದ ಕಥೆ. ಟ್ರಂಪೆಟ್ ವಾದಕ ಡೊನಾಲ್ಡ್ ಬರ್ಡ್ ಶಿಕಾಗೋದಲ್ಲಿ ಈ ಹುಡುಗನ ಕೈಚಳಕ ನೋಡಿ ನ್ಯೂಯಾರ್ಕ್‌ಗೆ ಕರೆದುಕೊಂಡು ಹೋದರು. ತಮ್ಮ ಜೊತೆಯಲ್ಲೇ ಇರಿಸಿಕೊಂಡರು. 1962ರಲ್ಲಿ ಬ್ಲೂ ನೋಟ್ ಕಂಪನಿ ಹರ್ಬಿಯ ಮೊದಲ ಆಲ್ಬಂ 'ಟೇಕಿನ್ ಆಫ್' ಹೊರತಂದಿತು. ಅದರ ಮೊದಲ ಹಾಡು 'ವಾಟರ್‌ಮೆಲನ್ ಮ್ಯಾನ್'. ಶಿಕಾಗೋದ ಓಣಿಗಳಲ್ಲಿ ಕಲ್ಲಂಗಡಿ ಮಾರುವವನ ಗಾಡಿ ಬರುತ್ತಿತ್ತು. ಕಲ್ಲು ಹಾಸಿದ ದಾರಿಯಲ್ಲಿ ಚಕ್ರಗಳ ಲಟಲಟ ಸದ್ದು. ಆ ಸದ್ದೇ ಹಾಡಿನ ತಾಳವಾಯಿತು.

ರೆಕಾರ್ಡಿಂಗ್‌ಗೆ ಮೊದಲು ಬರ್ಡ್ ಒಂದು ಬುದ್ಧಿಮಾತು ಹೇಳಿದರು. ಹಾಡುಗಳ ಪ್ರಕಾಶನ ಹಕ್ಕನ್ನು ಕಂಪನಿಗೆ ಬಿಟ್ಟುಕೊಡಬೇಡ, ನಿನ್ನದೇ ಹೆಸರಿನಲ್ಲಿ ಇಟ್ಟುಕೋ ಅಂತ. ಇಪ್ಪತ್ತೆರಡರ ಹುಡುಗ ಕಂಪನಿ ಮುಂದೆ ಹಟ ಹಿಡಿದು ಗೆದ್ದ. ಮುಂದಿನ ವರ್ಷ ಕ್ಯೂಬಾದ ತಾಳವಾದ್ಯಗಾರ ಮೊಂಗೊ ಸಾಂತಾಮರಿಯಾ ಅದೇ ಹಾಡನ್ನು ತಮ್ಮ ಧಾಟಿಯಲ್ಲಿ ನುಡಿಸಿದರು. ಅದು ಅಮೆರಿಕದ ಪಾಪ್ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂತು. ದುಡ್ಡು ಹರ್ಬಿಯ ಕೈಗೆ ಬಂತು. ಅದರಲ್ಲಿ ಏನು ಮಾಡಿದರು ಗೊತ್ತಾ? ಶೆಲ್ಬಿ ಕೋಬ್ರಾ ಅನ್ನುವ ಸ್ಪೋರ್ಟ್ಸ್ ಕಾರು ತಗೊಂಡರು! ನಗಬೇಡಿ. ಹಳೇ ಕಾರು ಸಂಗ್ರಹಿಸುವವರ ಮಟ್ಟಿಗೆ ಅದು ಈಗ ಚಿನ್ನ.

ಇದೇ ರಾಯಲ್ಟಿ ಮುಂದೆ ಇನ್ನೊಂದು ದೊಡ್ಡ ಪ್ರಯೋಗವನ್ನು ಉಳಿಸಿತು. ಆ ಮಾತು ಕೆಳಗೆ ಬರುತ್ತದೆ.

ಮೈಲ್ಸ್ ಡೇವಿಸ್ ಜೊತೆ ಇದ್ದಾಗ ಏನು ಕಲಿತರು?

1963ರಲ್ಲಿ ತಂಡಕ್ಕೆ ಸೇರಿದರು. ಬಾಸ್‌ಗೆ ರಾನ್ ಕಾರ್ಟರ್. ಡ್ರಮ್ಸ್‌ಗೆ ಟೋನಿ ವಿಲಿಯಮ್ಸ್, ಆಗ ಅವರಿಗೆ ಬರೀ ಹದಿನೇಳು. ಮರುವರ್ಷ ಸ್ಯಾಕ್ಸೊಫೋನ್‌ಗೆ ವೇನ್ ಶಾರ್ಟರ್ ಬಂದರು. ಜಾಝ್ ಕೇಳುವವರು ಈ ಐದು ಜನರ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ.

ತಪ್ಪು ಕಾರ್ಡ್‌ನ ಪ್ರಸಂಗವನ್ನು ಹರ್ಬಿಯೇ ಎಷ್ಟೋ ಸಲ ಹೇಳಿದ್ದಾರೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕಾರ್ಯಕ್ರಮ. ಎಲ್ಲರ ಕೈಯೂ ಕೂಡಿಬಂದ ರಾತ್ರಿ. ಮೈಲ್ಸ್ ಸೋಲೊ ನುಡಿಸುತ್ತಾ ಏರುತ್ತಿದ್ದರು. ಸರಿಯಾಗಿ ಆಗಲೇ ಹರ್ಬಿ ಒಂದು ಕಾರ್ಡ್ ಒತ್ತಿದರು. ಅದು ಪೂರ್ತಿ ತಪ್ಪು. ಅಪಸ್ವರ ಅಂದರೆ ಅಪಸ್ವರ. ಹರ್ಬಿ ಕಿವಿ ಮುಚ್ಚಿಕೊಂಡರು. ಮೈಲ್ಸ್ ಒಂದು ಕ್ಷಣ ನಿಂತರು. ಆಮೇಲೆ ಕೆಲವೇ ಸ್ವರ ನುಡಿಸಿದರು. ಆ ಸ್ವರಗಳ ಪಕ್ಕದಲ್ಲಿ ತಪ್ಪು ಕಾರ್ಡ್ ಸರಿಯಾಗಿ ಕೇಳಿಸತೊಡಗಿತು.

ಮೈಲ್ಸ್ ಅದನ್ನು ತಪ್ಪು ಅಂತ ತೆಗೆದುಕೊಳ್ಳಲೇ ಇಲ್ಲ. ನಡೆದುಹೋದ ಒಂದು ಸಂಗತಿ ಅಂತ ತೆಗೆದುಕೊಂಡು, ಅದಕ್ಕೆ ಹೊಂದುವ ದಾರಿ ಹುಡುಕಿದರು. ಇದು ತನಗೆ ಅರ್ಥವಾಗಲು ವರ್ಷಗಳೇ ಬೇಕಾದವು ಅಂತ ಹರ್ಬಿ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಇವರ ಮುಂದಿನ ಇಡೀ ಬದುಕು ಆ ರಾತ್ರಿಯದೇ ವಿಸ್ತಾರ. ಸಿಂಥಸೈಜರ್ ಬಂತೇ, ಬರಲಿ. ಹಿಪ್ ಹಾಪ್ ಬಂತೇ, ಅದೂ ಬರಲಿ. ಕಿವಿ ಮುಚ್ಚಿಕೊಳ್ಳುವುದನ್ನು ಬಿಟ್ಟರು.

ಇನ್ನೊಂದು ತಮಾಷೆ. ಒಮ್ಮೆ ಮೈಲ್ಸ್ ತಮ್ಮ ಗೊಗ್ಗರು ದನಿಯಲ್ಲಿ 'ಬೆಣ್ಣೆ ಸ್ವರ ನುಡಿಸಬೇಡ' ಅನ್ನುವ ಹಾಗೆ ಏನೋ ಅಂದರು. ಬೆಣ್ಣೆ ಅಂದರೆ ಕೊಬ್ಬು, ಎದ್ದು ಕಾಣುವ ಸ್ವರ ಇರಬೇಕು ಅಂತ ಹರ್ಬಿ ಯೋಚಿಸಿದರು. ಕಾರ್ಡ್‌ನ ಬಣ್ಣ ಹೇಳಿಬಿಡುವ ಮೂರನೇ ಮತ್ತು ಏಳನೇ ಸ್ವರಗಳನ್ನೇ ಬಿಟ್ಟು ನುಡಿಸಿದರು. ಸೋಲೊ ನುಡಿಸುವವರಿಗೆ ಹೋಗಲು ಎಷ್ಟೊಂದು ದಾರಿ ತೆರೆಯಿತು! ಮೈಲ್ಸ್ ನಿಜವಾಗಿ ಹೇಳಿದ್ದು 'ಬಾಟಮ್', ಅಂದರೆ ಕೆಳಗಿನ ಸ್ವರ, ಇರಬಹುದು ಅಂತಾನೂ ಹೇಳುತ್ತಾರೆ. ತಪ್ಪಾಗಿ ಕೇಳಿದ್ದರೂ ಲಾಭವೇ ಆಯಿತು.

ಮೈಲ್ಸ್ ತಂಡವನ್ನು ಯಾಕೆ ಬಿಟ್ಟರು?

1968ರಲ್ಲಿ ಮದುವೆಯಾಗಿ ಬ್ರೆಜಿಲ್‌ಗೆ ಹೋದವರಿಗೆ ಊಟ ಕೆಟ್ಟು ಹೊಟ್ಟೆ ಕೈಕೊಟ್ಟಿತು. ಹಿಂತಿರುಗುವುದು ತಡವಾಯಿತು. ಅಷ್ಟರಲ್ಲಿ ಅವರ ಕುರ್ಚಿಯಲ್ಲಿ ಚಿಕ್ ಕೊರಿಯಾ ಕೂತಿದ್ದರು. ಜಗಳವೇನಿಲ್ಲ. ಮೈಲ್ಸ್ ಜೊತೆ ರೆಕಾರ್ಡಿಂಗ್ ಆಮೇಲೂ ಮುಂದುವರಿಯಿತು. ಹತ್ತು ವರ್ಷದ ನಂತರ ಹರ್ಬಿ, ಚಿಕ್ ಇಬ್ಬರೂ ಎರಡು ಪಿಯಾನೊ ಎದುರುಬದುರು ಇಟ್ಟುಕೊಂಡು ಊರೂರು ಸುತ್ತಿದರು.

ರಚನೆಕಾರರಾಗಿ ಅವರ ವಿಶೇಷ ಏನು?

ಕಡಿಮೆ ಸಾಮಾನಿನಲ್ಲಿ ಅಡುಗೆ. 'ಮೇಡನ್ ವಾಯೇಜ್' ತಗೊಳ್ಳಿ, 1965ರದು. ಮೂವತ್ತೆರಡು ಬಾರ್‌ನ (ಬಾರ್ ಅಂದರೆ ತಾಳದ ಒಂದು ಸುತ್ತು) ಹಾಡಿನಲ್ಲಿ ಇರುವುದು ನಾಲ್ಕೇ ಕಾರ್ಡ್. ನಾಲ್ಕೂ ತೂಗುಕಾರ್ಡ್‌ಗಳು, ಇಂಗ್ಲಿಷಿನಲ್ಲಿ ಸಸ್ ಅನ್ನುತ್ತಾರೆ. ಸಾಮಾನ್ಯ ಕಾರ್ಡ್ ಮನೆಗೆ ಹೋಗಬೇಕು ಅಂತ ಎಳೆಯುತ್ತಿರುತ್ತದೆ. ಇವು ಎಲ್ಲೂ ಎಳೆಯುವುದಿಲ್ಲ, ಸುಮ್ನೆ ತೇಲುತ್ತವೆ. ಕೇಳಿದರೆ ದೋಣಿಯಲ್ಲಿ ಕೂತ ಹಾಗೇ ಇರುತ್ತದೆ. ಇಷ್ಟು ಚೆಂದದ ಹಾಡು ಮೊದಲು ಹುಟ್ಟಿದ್ದು ಒಂದು ಟಿವಿ ಜಾಹೀರಾತಿಗೆ.

ಅದಕ್ಕೆ ಹಿಂದಿನ ವರ್ಷದ್ದು 'ಕ್ಯಾಂಟಲೂಪ್ ಐಲ್ಯಾಂಡ್', ಅಂದರೆ ಕರಬೂಜ ದ್ವೀಪ. ಕಲ್ಲಂಗಡಿ ಆದಮೇಲೆ ಕರಬೂಜ! ಹಣ್ಣಿನ ಅಂಗಡಿ ಇಡಬೇಕಿತ್ತು ಅಂತ ನಮ್ಮ ಮನೆಯಲ್ಲಿ ತಮಾಷೆ ಮಾಡುತ್ತಾರೆ. 1993ರಲ್ಲಿ ಅಸ್‌ತ್ರೀ ಅನ್ನುವ ಬ್ರಿಟಿಷ್ ತಂಡ ಇದರ ಪಿಯಾನೊ ತುಣುಕನ್ನು ತೆಗೆದುಕೊಂಡು ರ್‍ಯಾಪ್ ಮಾಡಿತು. ಹಾಡಿನ ಹೆಸರು ಗೊತ್ತಿಲ್ಲದವರೂ ಆ ತುಣುಕನ್ನು ಎಲ್ಲೋ ಕೇಳಿರುತ್ತಾರೆ.

ಅಷ್ಟು ಚೆನ್ನಾಗಿ ಪಿಯಾನೊ ನುಡಿಸುವವರು ಕರೆಂಟಿನ ವಾದ್ಯಕ್ಕೆ ಯಾಕೆ ಹೋದರು?

ಒಂದು ದಿನ ಸ್ಟುಡಿಯೋಗೆ ಬಂದರೆ ಪಿಯಾನೊ ಇಲ್ಲ. ಮೂಲೆಯಲ್ಲಿ ಫೆಂಡರ್ ರೋಡ್ಸ್ ಅನ್ನುವ ಎಲೆಕ್ಟ್ರಿಕ್ ಪಿಯಾನೊ. ಅದನ್ನೇ ನುಡಿಸು ಅಂದರು ಮೈಲ್ಸ್. ಈ ಆಟದ ಸಾಮಾನಾ ಅಂತ ಹರ್ಬಿಗೆ ಒಳಗೇ ಕಸಿವಿಸಿ. ಕೈ ಇಟ್ಟರೆ ಏನು ನಾದ! ಅಲ್ಲಿಗೆ ಅನುಮಾನ ಮುಗಿಯಿತು.

ಆಮೇಲೆ 'ಮ್ವಾಂದಿಶಿ' ತಂಡ ಕಟ್ಟಿದರು. ಸ್ವಾಹಿಲಿಯಲ್ಲಿ ಆ ಮಾತಿಗೆ ಬರೆಯುವವನು ಅಂತ ಅರ್ಥ. ಹರ್ಬಿ ಇಟ್ಟುಕೊಂಡ ಹೆಸರು ಅದು. ತಂಡದ ಎಲ್ಲರೂ ಸ್ವಾಹಿಲಿ ಹೆಸರು ಇಟ್ಟುಕೊಂಡಿದ್ದರು. 1970ರಿಂದ 73ರವರೆಗೆ ಮೂರು ಆಲ್ಬಂ. ಸಂಗೀತ ಅಂದರೆ ಸಂಗೀತ: ಉದ್ದುದ್ದ, ಗಾಢ, ಆಕಾಶಕ್ಕೆ ರಾಕೆಟ್ ಹೋದಂತೆ. ಕೇಳುವವರು ಮಾತ್ರ ಕಡಿಮೆ. ಮೇಲೆ ಹೇಳಿದ ಹಳೇ ರಾಯಲ್ಟಿ ದುಡ್ಡೇ ತಂಡವನ್ನು ಸಾಕುತ್ತಿತ್ತು. ಕೊನೆಗೆ ಅದೂ ಸಾಲದೆ ತಂಡ ಮುಚ್ಚಬೇಕಾಯಿತು. ನನಗೆ ಈ ಮೂರು ವರ್ಷದ ಬಗ್ಗೆ ವಿಶೇಷ ಪ್ರೀತಿ. ಸೋತ ಕೆಲಸ ಅಂತ ಬರೆಯುವವರು ಒಮ್ಮೆ ರಾತ್ರಿ ದೀಪ ಆರಿಸಿ ಕೇಳಲಿ.

'ಹೆಡ್ ಹಂಟರ್ಸ್' ಅಷ್ಟು ದೊಡ್ಡದಾ?

ದೊಡ್ಡದು. 1973ರಲ್ಲಿ ಬಂತು. ಆಕಾಶದಲ್ಲಿ ಇದ್ದದ್ದು ಸಾಕಾಗಿ ನೆಲಕ್ಕೆ ಇಳಿಯಬೇಕು ಅನ್ನಿಸಿತು ಅಂತ ಹರ್ಬಿ ಹೇಳಿಕೊಂಡಿದ್ದಾರೆ. ಮನಸ್ಸಿನಲ್ಲಿ ಸ್ಲೈ ಸ್ಟೋನ್ ಅವರ ಫಂಕ್ ಸುತ್ತುತ್ತಿತ್ತು. ಹಳೇ ತಂಡದಿಂದ ಬೆನ್ನಿ ಮಾಪಿನ್ ಒಬ್ಬರನ್ನು ಉಳಿಸಿಕೊಂಡು ಉಳಿದವರನ್ನೆಲ್ಲ ಹೊಸದಾಗಿ ಆರಿಸಿದರು.

ಮೊದಲ ಹಾಡು 'ಕಮೀಲಿಯನ್', ಹದಿನೈದು ನಿಮಿಷಕ್ಕೂ ಜಾಸ್ತಿ. ಶುರುವಿನ ಬಾಸ್ ಮಟ್ಟನ್ನು ಹರ್ಬಿಯೇ ಆರ್ಪ್ ಒಡಿಸ್ಸಿ ಸಿಂಥಸೈಜರ್‌ನಲ್ಲಿ ನುಡಿಸಿದ್ದಾರೆ. ಮೊದಲ ಭಾಗ ಪೂರ್ತಿ ಎರಡೇ ಕಾರ್ಡ್ ಮೇಲೆ ಓಡುತ್ತದೆ. ಕೀಬೋರ್ಡ್ ಕಲಿಯುವ ಮಕ್ಕಳು ಒಂದು ಸಂಜೆಯಲ್ಲಿ ಹಿಡಿಯಬಹುದು. ಹರ್ಬಿ ಆ ಎರಡು ಕಾರ್ಡ್ ಮೇಲೆ ಕಟ್ಟಿದ್ದನ್ನು ಹಿಡಿಯುವುದು ಬೇರೆ ಮಾತು.

ಇದೇ ಆಲ್ಬಂನಲ್ಲಿ ಕಲ್ಲಂಗಡಿ ಹಾಡು ಮತ್ತೆ ಬಂದಿದೆ, ಗುರುತೇ ಸಿಗದ ಹಾಗೆ. ಶುರುವಿನಲ್ಲಿ ಕೊಳಲಿನಂಥ ಊದು ಕೇಳುತ್ತದಲ್ಲ, ಅದು ಬಿಯರ್ ಬಾಟಲಿ! ಮಧ್ಯ ಆಫ್ರಿಕಾದ ಪಿಗ್ಮಿ ಜನರ ಒಂದು ಊದುವ ಪದ್ಧತಿಯನ್ನು ಅನುಕರಿಸಿ ಬಿಲ್ ಸಮರ್ಸ್ ಬಾಟಲಿ ಊದಿದ್ದಾರೆ. ಆಲ್ಬಂ ಮುಂದೆ ಹತ್ತು ಲಕ್ಷ ಪ್ರತಿ ಮಾರಾಟವಾಗಿ ಪ್ಲಾಟಿನಂ ಮುಟ್ಟಿತು. ಜಾಝ್‌ನಲ್ಲಿ ಆಗ ಇದು ಕೇಳರಿಯದ ಸಂಗತಿ.

ದುಡ್ಡಿಗಾಗಿ ಬಣ್ಣ ಬದಲಾಯಿಸಿದರು ಅನ್ನುತ್ತಾರಲ್ಲ?

ಅನ್ನುತ್ತಾರೆ. ಆಗಲೂ ಅಂದರು, ಈಗಲೂ ಅನ್ನುತ್ತಾರೆ. ಕಮೀಲಿಯನ್ ಅಂದರೆ ಗೋಸುಂಬೆ. ನಮ್ಮಲ್ಲಿ ಅದು ಬೈಗುಳ. ಚುನಾವಣೆ ಹತ್ತಿರ ಬಂದಾಗ ಪತ್ರಿಕೆಗಳಲ್ಲಿ ಜಾಸ್ತಿ ಕಾಣುವ ಪದ. ಹರ್ಬಿ ಅದನ್ನೇ ಹಾಡಿಗೆ ಹೆಸರಿಟ್ಟು ಎದುರಿಗೆ ಇಟ್ಟರು.

ನನ್ನ ಅಭಿಪ್ರಾಯ ಇಷ್ಟು. ದುಡ್ಡು ಬೇಕಿತ್ತು, ನಿಜ. ಅದನ್ನು ಮುಚ್ಚಿಡುವುದು ಬೇಡ. ಆದರೆ ದುಡ್ಡಿಗಷ್ಟೇ ಆಗಿದ್ದರೆ 'ಹೆಡ್ ಹಂಟರ್ಸ್' ಥರದ್ದೇ ಇನ್ನೂ ಹತ್ತು ಮಾಡಿ ಕೂರಬಹುದಿತ್ತು. ಅವರು ಹಾಗೆ ಮಾಡಲಿಲ್ಲ. 1976ರಲ್ಲಿ ಹಳೇ ಮೈಲ್ಸ್ ತಂಡದ ಗೆಳೆಯರನ್ನು ಸೇರಿಸಿಕೊಂಡು ಶುದ್ಧ ಪಿಯಾನೊ ಜಾಝ್‌ಗೆ ಮರಳಿದರು. ಟ್ರಂಪೆಟ್‌ಗೆ ಮಾತ್ರ ಫ್ರೆಡಿ ಹಬಾರ್ಡ್. 1978ರಲ್ಲಿ ವೋಕೋಡರ್ ಹಿಡಿದು ಯಂತ್ರದ ದನಿಯಲ್ಲಿ ಹಾಡಿದರು. ಹಾಗಂತ ಎಲ್ಲವೂ ಚೆನ್ನಾಗಿದೆ ಅಂತಲ್ಲ. 1980ರ ಆಸುಪಾಸಿನ ಕೆಲವು ಡಿಸ್ಕೊ ಹಾಡುಗಳನ್ನು ನಾನು ದಾಟಿಸಿಬಿಡುತ್ತೇನೆ.

'ರಾಕಿಟ್' ಏನು?

1983ರ 'ಫ್ಯೂಚರ್ ಶಾಕ್' ಆಲ್ಬಂನ ಹಾಡು. ಬಿಲ್ ಲ್ಯಾಸ್ವೆಲ್ ಮತ್ತು ಮೈಕೆಲ್ ಬೈನ್‌ಹಾರ್ನ್ ಜೊತೆ ಸೇರಿ ಮಾಡಿದ್ದು. ಡಿ.ಎಸ್.ಟಿ. ಅನ್ನುವ ಡಿಜೆ ಟರ್ನ್‌ಟೇಬಲ್ ಮೇಲೆ ರೆಕಾರ್ಡ್ ಹಿಂದಕ್ಕೂ ಮುಂದಕ್ಕೂ ಉಜ್ಜಿದ್ದಾರೆ. ಮುಂದೆ ಎಷ್ಟೋ ಡಿಜೆಗಳು ಈ ಹಾಡು ಕೇಳಿಯೇ ಕೈ ಹಾಕಿದ್ದು ಅಂತ ಹೇಳಿಕೊಂಡಿದ್ದಾರೆ. ವಿಡಿಯೋದಲ್ಲಿ ಕೈಕಾಲು ಆಡಿಸುವ ಯಂತ್ರದ ಗೊಂಬೆಗಳೇ ತುಂಬಿವೆ. ಹರ್ಬಿ ಕಾಣುವುದು ಒಂದು ಟಿವಿ ಪರದೆಯ ಒಳಗೆ ಮಾತ್ರ. ಎಂಟಿವಿ ಆಗ ಕಪ್ಪು ಕಲಾವಿದರನ್ನು ಹೆಚ್ಚು ತೋರಿಸುತ್ತಿರಲಿಲ್ಲ. ಅದನ್ನು ಲೆಕ್ಕ ಹಾಕಿಯೇ ಹೀಗೆ ಮಾಡಿದ್ದು. 1984ರಲ್ಲಿ ಎಂಟಿವಿ ಮೊದಲ ಬಾರಿ ವಿಡಿಯೋ ಪ್ರಶಸ್ತಿ ಕೊಟ್ಟಾಗ ಐದು ಇದಕ್ಕೇ ಹೋದವು.

ಆಸ್ಕರ್ ಯಾವ ಸಿನಿಮಾಕ್ಕೆ?

'ರೌಂಡ್ ಮಿಡ್‌ನೈಟ್', ನಿರ್ದೇಶಕ ಬರ್ಟ್ರಾಂಡ್ ತವೆರ್ನಿಯೆ, 1986. ಪ್ಯಾರಿಸ್‌ನಲ್ಲಿ ನೆಲೆಸಿದ ಒಬ್ಬ ಬಳಲಿದ ಜಾಝ್ ಕಲಾವಿದನ ಕಥೆ. ಮುಖ್ಯ ಪಾತ್ರ ಮಾಡಿದ್ದು ಡೆಕ್ಸ್‌ಟರ್ ಗಾರ್ಡನ್. ಹರ್ಬಿಯ ಮೊಟ್ಟಮೊದಲ ಆಲ್ಬಂನಲ್ಲಿ ಸ್ಯಾಕ್ಸೊಫೋನ್ ನುಡಿಸಿದವರು ಇವರೇ! ಸಂಗೀತವನ್ನು ಆಮೇಲೆ ಕೂಡಿಸಲಿಲ್ಲ. ಕ್ಯಾಮೆರಾ ಮುಂದೆ ನುಡಿಸಿದ್ದನ್ನೇ ಹಿಡಿದರು. ಹರ್ಬಿ ಒಂದು ಪಾತ್ರವನ್ನೂ ಮಾಡಿದ್ದಾರೆ. ಆ ಸಲ ಎನ್ನಿಯೊ ಮೊರಿಕೋನೆ ಅವರ 'ದಿ ಮಿಷನ್' ಸೋತಿತು. ಅದಕ್ಕೆ ಮುನಿದುಕೊಂಡವರು ಇನ್ನೂ ಇದ್ದಾರೆ. ಅದಕ್ಕೂ ಇಪ್ಪತ್ತು ವರ್ಷ ಮೊದಲೇ ನಿರ್ದೇಶಕ ಅಂತೋನಿಯೋನಿಯ 'ಬ್ಲೋ ಅಪ್' ಸಿನಿಮಾಕ್ಕೆ ಹರ್ಬಿ ಸಂಗೀತ ಕೊಟ್ಟಿದ್ದರು.

ಗ್ರ್ಯಾಮಿಯಲ್ಲಿ ಎಲ್ಲರಿಗೂ ಅಚ್ಚರಿ ಆಗಿದ್ದು ಯಾವಾಗ?

2008ರಲ್ಲಿ. ಗಾಯಕಿ ಜೋನಿ ಮಿಚೆಲ್ ಅವರ ಹಾಡುಗಳನ್ನು ಇಟ್ಟುಕೊಂಡು ಮಾಡಿದ 'ರಿವರ್' ವರ್ಷದ ಆಲ್ಬಂ ಆಯಿತು. ಎದುರಿಗೆ ಏಮಿ ವೈನ್‌ಹೌಸ್, ಕಾನ್ಯೆ ವೆಸ್ಟ್. ಜಾಝ್ ಆಲ್ಬಂಗೆ ಆ ಪ್ರಶಸ್ತಿ ಬಂದು 43 ವರ್ಷವಾಗಿತ್ತು. ಅಲ್ಲಿಯವರೆಗೆ ಹರ್ಬಿ ಹಾಡಿನ ಸಾಹಿತ್ಯಕ್ಕೆ ಅಷ್ಟಾಗಿ ಕಿವಿ ಕೊಟ್ಟವರಲ್ಲ. ಈ ಸಲ ಸಾಹಿತ್ಯವನ್ನು ಎಲ್ಲ ವಾದಕರಿಗೂ ಕೊಟ್ಟು, ಕೂತು ಮಾತಾಡಿ, ಆಮೇಲೆ ನುಡಿಸಿದರು.

ನಮ್ಮ ಚಿತ್ರಾ ಅವರು ಹರ್ಬಿ ಜೊತೆ ಹಾಡಿದ್ದಾರೆ ಅನ್ನೋದು ನಿಜವಾ?

ನಿಜ! ಕೇರಳದವರಾದರೂ ಕನ್ನಡ ಸಿನಿಮಾ ಹಾಡು ಕೇಳಿ ಬೆಳೆದವರಿಗೆ ಕೆ. ಎಸ್. ಚಿತ್ರಾ ಮನೆಯವರೇ ಅಲ್ವಾ. 2010ರ 'ದಿ ಇಮ್ಯಾಜಿನ್ ಪ್ರಾಜೆಕ್ಟ್' ಆಲ್ಬಂನ ಕೊನೆಯ ಹಾಡಿನಲ್ಲಿ ಅವರ ದನಿ ಇದೆ. ಜೊತೆಗೆ ಅನೌಷ್ಕಾ ಶಂಕರ್ ಸಿತಾರ್, ವೇನ್ ಶಾರ್ಟರ್ ಸ್ಯಾಕ್ಸೊಫೋನ್, ಚಾಕಾ ಖಾನ್ ಗಾಯನ. ಬೇರೆ ಬೇರೆ ದೇಶಗಳ ಕಲಾವಿದರನ್ನು ಸೇರಿಸಿ ಮಾಡಿದ ಆಲ್ಬಂ ಇದು. ಜಾಝ್ ಅಂದರೆ ಮೂಗು ಮುರಿಯುವ ನನ್ನ ಅತ್ತಿಗೆಗೆ ಹೆಸರು ಹೇಳದೆ ಇದನ್ನು ಕೇಳಿಸಿದೆ. "ಇದು ಚಿತ್ರಾ ದನಿ" ಅಂದರು, ಎರಡನೇ ಸಾಲಿಗೇ.

ಬೌದ್ಧರಾ ಅವರು?

1972ರಿಂದ ನಿಚಿರೆನ್ ಬೌದ್ಧ ಪಂಥ. ದಾರಿ ತೋರಿಸಿದ್ದು ಅವರದೇ ತಂಡದ ಬಾಸ್ ವಾದಕ ಬಸ್ಟರ್ ವಿಲಿಯಮ್ಸ್. ಒಂದು ರಾತ್ರಿ ಸಿಯಾಟಲ್‌ನಲ್ಲಿ ಬಸ್ಟರ್ ನುಡಿಸಿದ್ದು ಕೇಳಿ, ನಿನಗೆ ಇದು ಎಲ್ಲಿಂದ ಬಂತು ಅಂತ ಹರ್ಬಿ ಕೇಳಿದರಂತೆ. ಉತ್ತರವಾಗಿ ಸಿಕ್ಕಿದ್ದು ಈ ಜಪ: ನಮ್ ಮ್ಯೋಹೊ ರೆಂಗೆ ಕ್ಯೋ. ಮೊದಲ 'ನಮ್' ನಮ್ಮ 'ನಮೋ'ನೇ.

ಜಪ ಮಾಡಿದರೆ ಎಲ್ಲ ಸುಗಮ ಅಂತೇನೂ ಆಗಲಿಲ್ಲ. ತಂಗಿ ಜೀನ್ ಇವರ ಹಾಡುಗಳಿಗೆ ಸಾಹಿತ್ಯ ಬರೆಯುತ್ತಿದ್ದರು. 1985ರಲ್ಲಿ ಡಲ್ಲಾಸ್‌ನ ವಿಮಾನ ಅಪಘಾತದಲ್ಲಿ ತೀರಿಕೊಂಡರು. 1990ರ ದಶಕದಲ್ಲಿ ಕೊಕೇನ್ ಚಟಕ್ಕೆ ಬಿದ್ದು, ಚಿಕಿತ್ಸೆ ಪಡೆದು ಹೊರಬಂದದ್ದನ್ನು ಹರ್ಬಿ 2014ರ ಆತ್ಮಕಥೆಯಲ್ಲಿ ತಾವೇ ಬರೆದಿದ್ದಾರೆ. ಅಷ್ಟು ವರ್ಷ ಹೊರಗೆ ಯಾರಿಗೂ ಗೊತ್ತಿರಲಿಲ್ಲ.

ಏಪ್ರಿಲ್ 30 ಜಾಝ್ ದಿನ ಆಗಿದ್ದು ಇವರಿಂದಲಾ?

ಹೌದು. 2011ರಲ್ಲಿ ಯುನೆಸ್ಕೊ ಇವರನ್ನು ಸದ್ಭಾವನಾ ರಾಯಭಾರಿ ಮಾಡಿತು. ಆಗ ಇವರು ಮುಂದಿಟ್ಟ ಯೋಚನೆ ಅದು. 2025ರಲ್ಲಿ ಸ್ವೀಡನ್ನಿನ ಪೋಲಾರ್ ಸಂಗೀತ ಪ್ರಶಸ್ತಿಯೂ ಬಂತು.

ಸರಿ, ಎಲ್ಲಿಂದ ಕೇಳಲು ಶುರು ಮಾಡಲಿ?

ಮೊದಲು 'ಕ್ಯಾಂಟಲೂಪ್ ಐಲ್ಯಾಂಡ್'. ಐದೂವರೆ ನಿಮಿಷ, ತಲೆ ತಾನೇ ಆಡುತ್ತದೆ. ಆಮೇಲೆ 'ಮೇಡನ್ ವಾಯೇಜ್', ಮಳೆ ಬರುತ್ತಿದ್ದರೆ ಇನ್ನೂ ಒಳ್ಳೆಯದು. 1962ರ ಕಲ್ಲಂಗಡಿ ಹಾಡು, 1973ರ ಕಲ್ಲಂಗಡಿ ಹಾಡು ಎರಡನ್ನೂ ಒಂದರ ಹಿಂದೆ ಒಂದು ಹಾಕಿ. ನಂತರ 'ಕಮೀಲಿಯನ್', ಒಳ್ಳೇ ಹೆಡ್‌ಫೋನ್‌ನಲ್ಲಿ. ಫೋನಿನ ಸ್ಪೀಕರ್‌ಗೆ ಆ ಬಾಸ್ ಹಿಡಿಯುವ ಶಕ್ತಿ ಇಲ್ಲ.

'ಸೆಕ್ಸ್‌ಟಂಟ್' ಅನ್ನುವ ಆಲ್ಬಂ ಮಾತ್ರ ಮೊದಲ ವಾರ ಮುಟ್ಟಬೇಡಿ. ನಾನು ಮುಟ್ಟಿದೆ. ಪಕ್ಕದ ಮನೆಯ ಹಿರಿಯರು ಬಾಗಿಲು ತಟ್ಟಿ, ಮಿಕ್ಸಿ ಕೆಟ್ಟಿದ್ದರೆ ರಿಪೇರಿಯವನ ನಂಬರ್ ಕೊಡುತ್ತೇನೆ ಅಂದರು.